.22 ಗುಂಡು ಯಾಕೆ ಸಿಗುತ್ತಿಲ್ಲ? ದೋಷ ಹುಡುಕುವ ಕೈಪಿಡಿ

ಲಕ್ಷಣ

ಹುಬ್ಬಳ್ಳಿಯ ಅಂಗಡಿಯಲ್ಲಿ ಕೇಳಿದರೆ "ಸ್ಟಾಕ್ ಇಲ್ರೀ ಸರ, ಬರೂ ತಿಂಗಳ ನೋಡೂಣು" ಅನ್ನುತ್ತಾರೆ. ಬರುವ ತಿಂಗಳು ಹೋದರೆ ಎರಡು ಡಬ್ಬಿ ಮುಂದಿಡುತ್ತಾರೆ. ಅದೂ ಹೋದ ಸಲ ಹೊಡೆದ ಕಂಪನಿಯದ್ದಲ್ಲ. ಬೆಳಗಾವಿಗೆ ಫೋನ್ ಹಚ್ಚಿದರೂ ಅದೇ ಮಾತು. ಇತ್ತ ರಾಜ್ಯ ಮಟ್ಟದ ಶೂಟಿಂಗ್ ಸ್ಪರ್ಧೆ ಹತ್ತಿರ ಬಂದಿರುತ್ತದೆ. ಗದಗ, ಹಾವೇರಿಯಿಂದ ಅಭ್ಯಾಸಕ್ಕೆ ಬರುವ ಹುಡುಗರಿಗೆ ಬಸ್ ಚಾರ್ಜೂ ದಂಡ.

ಈ ಕೈಪಿಡಿ .22 ಲಾಂಗ್ ರೈಫಲ್ ಗುಂಡಿನದ್ದು. ಎನ್‌ಸಿಸಿಯಲ್ಲಿ ಇದ್ದವರಿಗೆ ‘ಪಾಯಿಂಟ್ ಟು ಟು’ ಅಂದರೆ ಸಾಕು. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ಹೊರತಂದ ಈ ಗುಂಡು ಇವತ್ತಿಗೂ ಅದೇ ಅಳತೆಯಲ್ಲಿ ನಡೆದಿದೆ. 50 ಮೀಟರ್ ರೈಫಲ್, 25 ಮೀಟರ್ ಪಿಸ್ತೂಲು ಎರಡೂ ಸ್ಪರ್ಧೆಗೆ ಇದೇ ಬೇಕು. ಸಣ್ಣದು, ಅಗ್ಗದ್ದು, ಜಗತ್ತಿನ ತುಂಬ ಮಾಡುತ್ತಾರೆ. ಹಾಗಿದ್ದೂ ಕೊರತೆ ಬಂದಾಗ ಮೊದಲು ಮಾಯವಾಗುವುದು ಇದೇ, ಕೊನೆಗೆ ವಾಪಸ್ ಬರುವುದೂ ಇದೇ. ಯಾಕೆ ಅನ್ನೋದಕ್ಕೆ ಒಂದೇ ಉತ್ತರ ಹುಡುಕಬೇಡಿ. ಅಂಗಡಿಯ ಕೌಂಟರಿನಿಂದ ಕಾರ್ಖಾನೆಯ ತನಕ ಒಂದೊಂದೇ ಹಂತ ನೋಡುತ್ತ ಹೋಗಬೇಕು. ಹತ್ತಿರದ್ದನ್ನು ಮೊದಲು, ದೂರದ್ದನ್ನು ಆಮೇಲೆ.

ಅಂಗಡಿಯವರ ‘ಇಲ್ಲ’ ಯಾವ ಥರದ್ದು?

ಎಲ್ಲ ‘ಇಲ್ಲ’ಗಳೂ ಒಂದೇ ಅಲ್ಲ. ಸುಮ್ನೆ "ಇಲ್ವಂತೆ" ಅಂತ ಮನೆಗೆ ಬಂದರೆ ದೋಷ ಸಿಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಎರಡೇ. ಯಾರಿಗೂ ಇಲ್ಲವೋ, ನನಗೆ ಇಲ್ಲವೋ? ಯಾವ .22ವೂ ಇಲ್ಲವೋ, ನಾನು ಕೇಳಿದ್ದು ಮಾತ್ರ ಇಲ್ಲವೋ?

ಬೇರೆಯವರಿಗೆ ಸಿಕ್ಕಿ ನಿಮಗೆ ಸಿಗಲಿಲ್ಲ ಅಂದರೆ ದೋಷ ನಿಮ್ಮ ಕಾಗದದಲ್ಲಿದೆ. ನಮ್ಮ ದೇಶದ ಸಾದಾ ಗುಂಡು ಇದೆ, ಹೊರದೇಶದ್ದು ಇಲ್ಲ ಅಂದರೆ ಆಮದಿನ ಹಂತದಲ್ಲಿದೆ. ಹೊರದೇಶದ ಅಭ್ಯಾಸದ ಗುಂಡು ಇದೆ, ಸ್ಪರ್ಧೆಯ ದರ್ಜೆಯದ್ದು ಮಾತ್ರ ಇಲ್ಲ ಅಂದರೆ ದೋಷ ಕಾರ್ಖಾನೆಯ ಲಾಟಿನಲ್ಲಿದೆ (ಒಂದೇ ಸಲಕ್ಕೆ ಮಾಡಿದ ಮಾಲಿಗೆ ಲಾಟ್ ಅನ್ನುತ್ತಾರೆ), ಅದರ ಕಥೆಯೇ ಬೇರೆ. ಯಾವುದೂ ಇಲ್ಲ, ಯಾರಿಗೂ ಇಲ್ಲ, ಬೆಂಗಳೂರು-ಪುಣೆಯಲ್ಲೂ ಇಲ್ಲ ಅಂದರೆ ಆಗ ಜಗತ್ತಿನ ಕಡೆ ಕಣ್ಣು ಹಾಯಿಸಬೇಕು. ಹೆಚ್ಚಿನವರು ಈ ಕೊನೆಯದರಿಂದಲೇ ಶುರು ಮಾಡುತ್ತಾರೆ. ಯುದ್ಧ, ಚೀನಾ, ಅಮೆರಿಕ ಅಂತ ಚಹಾ ಮುಗಿಯುವ ತನಕ ಮಾತು. ಲೈಸೆನ್ಸ್ ಪುಸ್ತಕ ತೆಗೆದು ನೋಡಿದರೆ ನವೀಕರಣದ ದಿನ ದಾಟಿರುತ್ತದೆ.

ಲೈಸೆನ್ಸ್ ಪುಸ್ತಕ

ಇದನ್ನು ಬೇಗ ಮುಗಿಸೋಣ. ಗುಂಡು ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಲಾಗು. 2019ರ ತಿದ್ದುಪಡಿಯ ಮೇಲೆ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಹಾಗಾಗಿ ಹಳೆಯ ಲೆಕ್ಕ ತಲೆಯಲ್ಲಿಟ್ಟುಕೊಂಡು ಕೂರಬೇಡಿ, ಪುಸ್ತಕದಲ್ಲಿ ಬರೆದ ತಾರೀಖು ನೋಡಿ. ಯುಐಎನ್ ನಂಬರ್, ಅಂದರೆ ಲೈಸೆನ್ಸುದಾರರ ಗುರುತಿನ ಸಂಖ್ಯೆ, ಇದೆಯೇ? ಬೋರ್ (ನಳಿಗೆಯ ಅಳತೆ) ಕಾಲಂನಲ್ಲಿ .22 ಅಂತ ಇದೆಯೇ? ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಬರೆದದ್ದರಲ್ಲಿ ಇನ್ನೆಷ್ಟು ಉಳಿದಿದೆ? ಅಂಗಡಿಯವರು ಮಾರಿದಾಗೆಲ್ಲ ಅದರಲ್ಲಿ ಎಂಟ್ರಿ ಹಾಕಿರುತ್ತಾರೆ, ಕೂಡಿಸಿ ನೋಡಿ. ಲೆಕ್ಕ ಮುಗಿದಿದ್ದರೆ ಅಂಗಡಿಯವರು ಎಷ್ಟೇ ಪರಿಚಯದವರಾದರೂ ಕೈ ಎತ್ತಲೇಬೇಕು. ಪರಿಹಾರ ಅವರ ಹತ್ತಿರ ಇಲ್ಲ, ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿದೆ.

ಕ್ಲಬ್ಬಿನ ರೈಫಲ್ ಹಿಡಿಯುವವರು ಈ ಹಂತ ದಾಟಿ ಮುಂದೆ ಹೋಗಬಹುದು. ನಿಮ್ಮ ಕ್ಲಬ್ಬಿನ ಕಾಗದ ನೋಡಿಕೊಳ್ಳಬೇಕಾದವರು ಕಾರ್ಯದರ್ಶಿ. ಒಮ್ಮೆ ಕೇಳಿದರೆ ತಪ್ಪೇನಿಲ್ಲ.

ಅಂಗಡಿ

ನಮ್ಮ ಭಾಗದ ಬಂದೂಕಿನ ಅಂಗಡಿ .22ರ ಮೇಲೆ ನಡೆಯುವುದಿಲ್ಲ. ಕಲಘಟಗಿ, ಅಳ್ನಾವರ, ಶಿಗ್ಗಾವಿ, ಹಾನಗಲ್ ಕಡೆಯ ರೈತರ ಬೆಳೆ ರಕ್ಷಣೆಯ ಬಂದೂಕೇ ಅವರ ವ್ಯಾಪಾರ. ಕಾಡುಹಂದಿ ಗೋವಿನಜೋಳಕ್ಕೆ ನುಗ್ಗುವ ಹೊತ್ತಿಗೆ ಹನ್ನೆರಡು ಬೋರಿನ ತೋಟಾ ಕೇಳಿಕೊಂಡು ಬರುತ್ತಾರೆ. ಹೆಚ್ಚಿನವರು ಹೊಡೆಯುವುದು ಹೆದರಿಸಲಿಕ್ಕೆ, ಶಬ್ದಕ್ಕೆ. ಪುಣೆಯ ಖಡ್ಕಿ ಕಾರ್ಖಾನೆಯ ‘ಶಕ್ತಿಮಾನ್’ ತೋಟಾ ಈ ಕಡೆ ಎಲ್ಲರಿಗೂ ಗೊತ್ತು. ಅಂಗಡಿಯವರ ದಾಸ್ತಾನಿಗೂ ಲೈಸೆನ್ಸಿನ ಮಿತಿ ಇದೆ. ಇರುವ ಮಿತಿಯಲ್ಲಿ, ಇರುವ ದುಡ್ಡಿನಲ್ಲಿ ಬೇಗ ಖಾಲಿಯಾಗುವ ಮಾಲು ತರಿಸಬೇಕೋ, ಬೆರಳೆಣಿಕೆಯ ಶೂಟರ್‌ಗಳು ಕೇಳುವ, ಅದರಲ್ಲೂ "ಇದೇ ಕಂಪನಿ ಬೇಕು, ಇದೇ ಲಾಟ್ ಬೇಕು" ಅಂತ ಹಟ ಮಾಡುವ ಮಾಲು ತರಿಸಬೇಕೋ? ನಾನು ಅವರ ಜಾಗದಲ್ಲಿದ್ದರೂ ಹನ್ನೆರಡು ಬೋರೇ ತರಿಸುತ್ತಿದ್ದೆ.

ಇದಕ್ಕೆ ಸಾಗಣೆಯ ಕಾಟ ಸೇರುತ್ತದೆ. ಗುಂಡನ್ನು ಬಸ್ಸಿನ ಮೇಲೆ ಪಾರ್ಸೆಲ್ ಹಾಕಿ ಕಳಿಸಲು ಬರುವುದಿಲ್ಲ, ಪ್ರತಿ ಸಲ ಪರವಾನಗಿ ಬೇಕು. ಪುಣೆ-ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಇದ್ದರೂ ಎರಡು ಡಬ್ಬಿಗೆ ಯಾರೂ ಅಷ್ಟು ಓಡಾಡುವುದಿಲ್ಲ. ಸಾಕಷ್ಟು ಆರ್ಡರ್ ಕೂಡಿದ ಮೇಲೆ ಒಮ್ಮೆಲೇ ತರಿಸುತ್ತಾರೆ. ಚುನಾವಣೆ ಬಂದರೆ ಇನ್ನೊಂದು ತಡೆ. ಲೈಸೆನ್ಸಿನ ಬಂದೂಕುಗಳನ್ನು ಠಾಣೆಯಲ್ಲಿ ಜಮಾ ಮಾಡಿಸುವ ಆ ದಿನಗಳಲ್ಲಿ ವ್ಯಾಪಾರವೇ ನಿಂತಿರುತ್ತದೆ, ಅಂಗಡಿಯವರು ಹೊಸ ಮಾಲಿಗೆ ದುಡ್ಡು ಹಾಕುವುದಿಲ್ಲ.

ಈ ಹಂತದ ದೋಷಕ್ಕೆ ಒಳ್ಳೆಯ ಪರೀಕ್ಷೆ ಒಂದಿದೆ. "ಇದೆಯಾ?" ಅಂತ ಕೇಳಬೇಡಿ. "ನಾವು ನಾಲ್ಕು ಮಂದಿ ಸೇರಿ ಇಷ್ಟು ಡಬ್ಬಿ ಬರೆದುಕೊಡ್ತೀವಿ, ಮುಂಗಡ ಕೊಡ್ತೀವಿ, ತರಿಸ್ತೀರಾ?" ಅಂತ ಕೇಳಿ. ತರಿಸುತ್ತೇನೆ ಅಂದರೆ ಕೊರತೆ ಇದ್ದದ್ದು ಗುಂಡಿಗಲ್ಲ, ಗಿರಾಕಿಗೆ. ಮುಂಗಡ ತೋರಿಸಿದರೂ ಆಗುವುದಿಲ್ಲ ಅಂದರೆ ದೋಷ ಅಂಗಡಿಯ ಆಚೆಗಿದೆ, ಮುಂದಿನ ಹಂತಕ್ಕೆ ನಡೆಯಿರಿ.

ಗುಂಡಿನೊಳಗೆ ಏನಿದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾರ್ಖಾನೆಯ ಕಷ್ಟ ಅರ್ಥವಾಗುವುದು ಇಲ್ಲಿಂದಲೇ.

ಹೊಡೆದ .22ರ ಖೋಖಾ, ಅಂದರೆ ಖಾಲಿ ಹಿತ್ತಾಳೆ ಕೊಳವೆ, ಒಂದನ್ನು ಕೈಗೆ ತೆಗೆದುಕೊಳ್ಳಿ. ರೇಂಜಿನಲ್ಲಿ ಎಲ್ಲ ಖೋಖಾ ಎಣಿಸಿ ವಾಪಸ್ ಕೊಡಬೇಕು ಅನ್ನುವುದು ಎನ್‌ಸಿಸಿ ಹುಡುಗರಿಗೆ ಗೊತ್ತು. ಒಂದು ಕಡಿಮೆಯಾದರೆ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಬೇಕು. ಅದರ ತಳ ನೋಡಿ. ದೊಡ್ಡ ಗುಂಡುಗಳಲ್ಲಿ ತಳದ ನಡುವೆ ಕಿಡಿ ಹತ್ತಿಸುವ ಗುಂಡಗಿನ ಪ್ರೈಮರ್ ಬೇರೆಯಾಗಿ ಕೂತಿರುತ್ತದೆ, ಪಿನ್ನು ಅಲ್ಲಿ ಹೊಡೆಯುತ್ತದೆ. ಇದರಲ್ಲಿ ನಡುವೆ ಏನೂ ಇಲ್ಲ. ಪಿನ್ನಿನ ಗುರುತು ಅಂಚಿನ ಮೇಲೆ ಸಣ್ಣ ತಗ್ಗಾಗಿ ಬಿದ್ದಿರುತ್ತದೆ. ಉಗುರಿನಿಂದ ಸವರಿದರೆ ತಿಳಿಯುತ್ತದೆ. ಆ ಅಂಚು ಗಟ್ಟಿ ಅಲ್ಲ. ತೆಳು ಹಿತ್ತಾಳೆಯನ್ನು ಮಡಚಿ ಮಾಡಿದ ಟೊಳ್ಳು ಉಂಗುರ ಅದು. ಕಿಡಿ ಹತ್ತಿಸುವ ಮಸಾಲೆ ಆ ಟೊಳ್ಳಿನೊಳಗೆ ಸುತ್ತಲೂ ಇರುತ್ತದೆ. ಪಿನ್ನು ಹೊಡೆದಾಗ ಅಂಚು ಜಜ್ಜಿ, ಮಸಾಲೆ ಒಳಗೇ ಉಜ್ಜಿ ಕಿಡಿ ಹಾರುತ್ತದೆ. ಉಜ್ಜುವಿಕೆಗೆ ಅಂತ ಅದರಲ್ಲಿ ಗಾಜಿನ ಪುಡಿಯೂ ಸೇರಿರುತ್ತದೆ.

ಇಷ್ಟು ಸಣ್ಣ ಟೊಳ್ಳಿನೊಳಗೆ ಮಸಾಲೆ ತುಂಬುವುದು ಹೇಗೆ? ಒದ್ದೆಯಾಗಿರುವಾಗ ಕೊಳವೆಯೊಳಗೆ ಚಿಟಿಕೆಯಷ್ಟು ಹಾಕಿ, ಕೊಳವೆಯನ್ನು ಗರಗರ ತಿರುಗಿಸಿ ಅಂಚಿಗೆ ಸರಿಸುತ್ತಾರೆ. ಆಮೇಲೆ ಒಣಗಿಸುತ್ತಾರೆ. ಒದ್ದೆ ಇರುವ ತನಕ ಪರವಾಗಿಲ್ಲ, ಒಣಗಿದ ಮೇಲೆ ಮುಟ್ಟಿದರೆ ಮುನಿಯುವ ವಸ್ತು. ಆ ಕೆಲಸಕ್ಕೆ ಬೇರೆ ಕಟ್ಟಡ, ದಪ್ಪ ಗೋಡೆ, ಪಳಗಿದ ಕೈ ಬೇಕು. ಇವತ್ತು ನೇಮಿಸಿ ನಾಳೆ ಕೂರಿಸುವ ಕೆಲಸ ಅಲ್ಲವೇ ಅಲ್ಲ.

ಕೊರತೆಯ ಬೇರು ಹೆಚ್ಚಾಗಿ ಇಲ್ಲೇ ಇದೆ. 9 ಮಿಲಿಮೀಟರ್ ಪಿಸ್ತೂಲಿನ ಗುಂಡಿಗೆ ಪ್ರೈಮರನ್ನು ಬೇರೆ ಕಡೆಯಿಂದ ಕೊಂಡು ತಂದು ಕೂರಿಸಬಹುದು. ಹಳೆಯ ಕೇಸಿಗೆ, ಅಂದರೆ ಖೋಖಾಕ್ಕೆ, ಹೊಸ ಪ್ರೈಮರ್ ಹಾಕಿ ಮತ್ತೆ ತುಂಬಬಹುದು, ಅಮೆರಿಕದಲ್ಲಿ ಎಷ್ಟೋ ಜನ ಮನೆಯಲ್ಲೇ ಹಾಗೆ ಮಾಡಿಕೊಳ್ಳುತ್ತಾರೆ. .22ರಲ್ಲಿ ಎರಡೂ ಆಗದು. ಒಮ್ಮೆ ಹೊಡೆದ ಕೇಸಿನ ಅಂಚು ಜಜ್ಜಿ ಹೋಗಿರುತ್ತದೆ, ಗುಜರಿಗೆ ಹಾಕಬೇಕು ಅಷ್ಟೇ. ದೊಡ್ಡ ಗುಂಡು ಮಾಡುವ ಯಂತ್ರಗಳ ಸಾಲನ್ನು, ಅಂದರೆ ಲೈನನ್ನು, ತಿರುಗಿಸಿ ಇದನ್ನು ಮಾಡಲಿಕ್ಕೂ ಬರುವುದಿಲ್ಲ. ಹಾಗಾಗಿ ಇರುವ .22 ಲೈನು ಹಗಲು ರಾತ್ರಿ ಓಡಿದರೆ ಎಷ್ಟು ಬರುತ್ತದೋ ಅಷ್ಟೇ ಮಾಲು. ಬೇಡಿಕೆ ಜಾಸ್ತಿ ಆಯಿತು ಅಂತ ಅದು ಹಿಗ್ಗುವುದಿಲ್ಲ.

ಹೊಸ ಲೈನು ಹಾಕಬಹುದಲ್ವಾ?

ಹಾಕಬಹುದು. ಯಾರೂ ಸುಲಭಕ್ಕೆ ಹಾಕುವುದಿಲ್ಲ. ಕಾರಣ ತಿಳಿಯಬೇಕಾದರೆ ಅಮೆರಿಕದ ಕಡೆ ನೋಡಬೇಕು. ಈ ಗುಂಡಿನ ದೊಡ್ಡ ಗಿರಾಕಿ ಅಲ್ಲಿದ್ದಾನೆ. ಅಲ್ಲಿ ಸೀನಿದರೆ ಇಲ್ಲಿ ನೆಗಡಿ.

2012ರ ಡಿಸೆಂಬರಿನಲ್ಲಿ ಅಲ್ಲಿನ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಸಿಬ್ಬಂದಿ ಗುಂಡಿಗೆ ಬಲಿಯಾದರು. ಬಂದೂಕಿನ ಮೇಲೆ ಹೊಸ ಕಾನೂನು ಬರುತ್ತದೆ ಅಂತ ಮಾತು ಎದ್ದಿತು. ಜನ ಅಂಗಡಿಗೆ ಮುಗಿಬಿದ್ದರು. 2013ರಲ್ಲಿ .22 ಅಂಗಡಿಗಳಿಂದ ಮಾಯವಾಯಿತು. ಉಳಿದ ಗುಂಡುಗಳು ಒಂದೊಂದಾಗಿ ವಾಪಸ್ ಬಂದ ಮೇಲೂ ಇದು ಸರಿಯಾಗಿ ಬರಲು ಹೆಚ್ಚುಕಡಿಮೆ 2016ರ ತನಕ ಕಾಯಬೇಕಾಯಿತು. ಆಮೇಲೆ ಏನಾಯಿತು? ಸರ್ಕಾರ ಬದಲಾಯಿತು, ಹೆದರಿಕೆ ಇಳಿಯಿತು, ಮಾರಾಟ ಬಿದ್ದಿತು. 2018ರ ಮಾರ್ಚಿನಲ್ಲಿ ರೆಮಿಂಗ್ಟನ್ ಅಂಥ ಹಳೆಯ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. 2020ರ ಜುಲೈನಲ್ಲಿ ಎರಡನೇ ಸಲ ಹಾಕಿತು. ಸರಿಯಾಗಿ ಅದೇ ಹೊತ್ತಿಗೆ ಕೊರೊನಾ ಬಂದು ಅಲ್ಲಿನ ಜನ ಮತ್ತೆ ಬಂದೂಕು ಕೊಳ್ಳಲು ಓಡುತ್ತಿದ್ದರು. ಆ ಒಂದು ವರ್ಷದಲ್ಲಿ ಬಂದೂಕಿಗೆ ಸಂಬಂಧಿಸಿ ಅಲ್ಲಿನ ಎಫ್‌ಬಿಐ ಮಾಡಿದ ಹಿನ್ನೆಲೆ ತಪಾಸಣೆ ಸುಮಾರು 3 ಕೋಟಿ 97 ಲಕ್ಷ. ಬೇಡಿಕೆ ಉಕ್ಕುತ್ತಿದೆ, ರೆಮಿಂಗ್ಟನ್ನಿನ ದೊಡ್ಡ ಗುಂಡಿನ ಕಾರ್ಖಾನೆ ದಿವಾಳಿಯಲ್ಲಿ ಸಿಕ್ಕಿಕೊಂಡಿದೆ. ಅರ್ಕನ್ಸಾಸ್ ರಾಜ್ಯದ ಲೊನೋಕ್ ಊರಿನ ಆ ಕಾರ್ಖಾನೆಯನ್ನು ವಿಸ್ಟಾ ಔಟ್‌ಡೋರ್ ಕಂಪನಿ ಹರಾಜಿನಲ್ಲಿ ಕೊಂಡು ಮತ್ತೆ ಶುರು ಮಾಡಬೇಕಾಯಿತು.

ಇಂಥ ಏರಿಳಿತ ಕಂಡ ಮಾಲೀಕ ಹೊಸ ಕಟ್ಟಡ ಕಟ್ಟಿ, ಜನರನ್ನು ಪಳಗಿಸಿ, ಎರಡು ಮೂರು ವರ್ಷ ಬಿಟ್ಟು ಮಾಲು ಹೊರಗೆ ತರುವ ಹೊತ್ತಿಗೆ ಕೊಳ್ಳುವವರೇ ಇರದಿದ್ದರೆ? ಅದರ ಮೇಲೆ .22ರಲ್ಲಿ ಒಂದು ಗುಂಡಿಗೆ ಸಿಗುವ ಲಾಭ ತೀರ ಕಡಿಮೆ. ದುಡ್ಡು ಹಾಕುವುದಿದ್ದರೆ ಸೇನೆ, ಪೊಲೀಸರು ಕೊಳ್ಳುವ ದೊಡ್ಡ ಗುಂಡಿನ ಮೇಲೆ ಹಾಕುತ್ತಾರೆ. ಅವರನ್ನು ಬೈಯುವ ಹಾಗಿಲ್ಲ.

ತಳ್ಳಿಹಾಕಬೇಕಾದ ಗಾಳಿಸುದ್ದಿಗಳು

ದೋಷ ಹುಡುಕುವಾಗ ಅರ್ಧ ಹೊತ್ತು ಇಲ್ಲದ ದೋಷದ ಹಿಂದೆ ಹೋಗುತ್ತದೆ. ವಾಟ್ಸಾಪಿನಲ್ಲಿ ಈಗಲೂ ಸುತ್ತುವ ಎರಡು ಮಾತನ್ನು ಮೊದಲೇ ಬದಿಗಿಡಿ.

ಅಮೆರಿಕದ ಸರ್ಕಾರವೇ ಗುಂಡೆಲ್ಲ ಕೊಂಡು ಬಚ್ಚಿಟ್ಟಿತು ಅನ್ನುವುದು ಒಂದು. ಅಲ್ಲಿನ ಆಂತರಿಕ ಭದ್ರತಾ ಇಲಾಖೆಯ ಮೇಲೆ 2013ರಲ್ಲಿ ಈ ಗುಲ್ಲು ಎದ್ದಿತ್ತು. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2014ರಲ್ಲಿ ಲೆಕ್ಕ ತೆಗೆದಾಗ ಇಲಾಖೆಯ ಖರೀದಿ 2009ರಿಂದ ಇಳಿಯುತ್ತ ಬಂದದ್ದು ಕಂಡಿತು. ಸೀಸದ ಕಾರ್ಖಾನೆ ಮುಚ್ಚಿದ್ದರಿಂದ ಗುಂಡಿಲ್ಲ ಅನ್ನುವುದು ಇನ್ನೊಂದು. ಮಿಸೌರಿ ರಾಜ್ಯದ ಹರ್ಕ್ಯುಲೇನಿಯಂನಲ್ಲಿದ್ದ, ಅದಿರಿನಿಂದ ಸೀಸ ತೆಗೆಯುವ ಕುಲುಮೆ 2013ರ ಕೊನೆಗೆ ಮುಚ್ಚಿದ್ದು ನಿಜ. ಆದರೆ ಗುಂಡಿಗೆ ಹೋಗುವ ಸೀಸದ ಬಹುಪಾಲು ಹಳೆಯ ಬ್ಯಾಟರಿ ಕರಗಿಸಿ ತೆಗೆದದ್ದು. ಲೆಕ್ಕ ಹಾಕಿದರೂ ಗೊತ್ತಾಗುತ್ತದೆ. ಸಾದಾ .22ರ ಮುಂದಿನ ಸೀಸದ ತುದಿ 40 ಗ್ರೇನ್, ಅಂದರೆ 2.6 ಗ್ರಾಂ. 50ರ ಒಂದು ಡಬ್ಬಿಗೆ 130 ಗ್ರಾಂ ಸೀಸ. ಒಂದು ಕಿಲೋದಲ್ಲಿ ಸುಮಾರು 385 ಗುಂಡು. ಸೀಸದ ಬರ ಬಂದರೆ ಮೊದಲು ನಿಲ್ಲುವುದು ಇನ್ವರ್ಟರ್ ಬ್ಯಾಟರಿ ಅಂಗಡಿ, ಗುಂಡಿನ ಅಂಗಡಿ ಅಲ್ಲ.

2024ರ ಸೆಪ್ಟೆಂಬರಿನಿಂದ ಚೀನಾ ಆಂಟಿಮನಿ ರಫ್ತಿಗೆ ಬಿಗಿ ಹಾಕಿದ್ದನ್ನೂ ಕೆಲವರು ಹೇಳುತ್ತಾರೆ. ಲೋಹದಂಥ ಈ ಧಾತು ಗುಂಡಿಗೆ ಹೆಚ್ಚಾಗಿ ಬೇಕಾಗುವುದು ಸೀಸವನ್ನು ಗಟ್ಟಿ ಮಾಡಲು. .22ರ ಗುಂಡು ಹೆಚ್ಚಾಗಿ ಮೆತ್ತನೆಯ ಸೀಸ. ಪೆಟ್ಟು ಬಿದ್ದರೂ ಇದಕ್ಕೆ ಮೊದಲಲ್ಲ.

ಮದ್ದು ಮತ್ತು ಹತ್ತಿಕಾಳು

ಯುದ್ಧದ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಅದರ ದಾರಿ ಮಾತ್ರ ಜನ ಅಂದುಕೊಂಡ ಹಾಗಿಲ್ಲ.

ಅಣ್ಣಿಗೇರಿ, ಗದಗ, ರಾಣೆಬೆನ್ನೂರು ಕಡೆಯ ಯಾವುದಾದರೂ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅರಳೆ ಬೇರೆಯಾದ ಮೇಲೆ ಉಳಿದ ಹತ್ತಿಕಾಳು ಒಂದು ಹಿಡಿ ತೆಗೆದುಕೊಳ್ಳಿ. ಉದ್ದನೆಯ ಎಳೆ ಹೋಗಿದ್ದರೂ ಕಾಳಿನ ಮೈಗೆ ಬಿಳಿ ಜುಂಗು ಗಿಡ್ಡಗೆ ಅಂಟಿಕೊಂಡಿರುತ್ತದೆ. ಬೆರಳಲ್ಲಿ ತಿಕ್ಕಿದರೂ ಬಿಡುವುದಿಲ್ಲ. ನೂಲಿಗೆ ಬಾರದ ಆ ಜುಂಗಿಗೆ ಲಿಂಟರ್ಸ್ ಅನ್ನುತ್ತಾರೆ. ಎಣ್ಣೆ ಗಿರಣಿಯವರು ಅದನ್ನು ಬೇರೆ ಯಂತ್ರದಲ್ಲಿ ಕೆರೆದು ತೆಗೆಯುತ್ತಾರೆ. ಹೆಚ್ಚುಕಡಿಮೆ ಅಪ್ಪಟ ಸೆಲ್ಯುಲೋಸ್ ಅದು. ಅದನ್ನು ನೈಟ್ರಿಕ್ ಆಮ್ಲದ ಕಾರ್ಖಾನೆಗೆ ಕೊಟ್ಟರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. ಗುಂಡನ್ನು ನಳಿಗೆಯಿಂದ ತಳ್ಳುವ ಇವತ್ತಿನ ಹೊಗೆಯಿಲ್ಲದ ಮದ್ದಿಗೆಲ್ಲ ಅದೇ ಮೂಲ. ನಮ್ಮ ದೇಶದಲ್ಲಿ ನೀಲಗಿರಿಯ ಅರವಂಕಾಡಿನಲ್ಲಿರುವ ಕಾರ್ಡೈಟ್ ಕಾರ್ಖಾನೆ ಬ್ರಿಟಿಷರ ಕಾಲದಿಂದ ಮದ್ದು ಮಾಡುತ್ತ ಬಂದಿದೆ.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಜೋರಾದ ಮೇಲೆ ಯುರೋಪಿನ ಕಾರ್ಖಾನೆಗಳಿಗೆ ಫಿರಂಗಿ ಗುಂಡಿನ ಆರ್ಡರ್ ಹರಿದುಬಂತು. ಒಂದು ಫಿರಂಗಿ ಗುಂಡನ್ನು ಹಾರಿಸಲು ಕಿಲೋಗಟ್ಟಲೆ ಮದ್ದು ಬೇಕು. ಯುರೋಪು ಲಿಂಟರ್ಸಿಗೆ ಬಹುಪಾಲು ಚೀನಾವನ್ನೇ ನೆಚ್ಚಿಕೊಂಡಿದ್ದರಿಂದ ಅಲ್ಲಿ ಮದ್ದು ಬಿಗಿಯಾಯಿತು, ಬೆಲೆ ಏರಿತು. ಈಗ .22ರ ಕಡೆ ನೋಡಿ. ಅದರೊಳಗಿನ ಮದ್ದು ಒಂದು ಚಿಟಿಕೆಗಿಂತ ಕಡಿಮೆ, ಒಂದು ಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು. ಹಾಗಾಗಿ ಮದ್ದಿಲ್ಲದೆ .22 ನಿಂತಿತು ಅನ್ನುವುದು ಅರ್ಧ ಸತ್ಯ. ಸರದಿ ಹಿಂದೆ ಬಿತ್ತು ಅನ್ನುವುದು ಹೆಚ್ಚು ಸರಿ. ಮದ್ದು ಮಾಡುವವನು ಮೊದಲು ದೊಡ್ಡ ಗಿರಾಕಿಗೆ ಕೊಡುತ್ತಾನೆ, ಹಡಗಿನವನು ಮೊದಲು ಸರ್ಕಾರದ ಸರಕು ಏರಿಸುತ್ತಾನೆ. ಕ್ರೀಡೆಯ ಗುಂಡು ಸಾಲಿನ ಕೊನೆಗೆ.

ಮದ್ದಿನ ದೋಷವೋ ಅಲ್ಲವೋ ತಿಳಿಯಲು ಅಂಗಡಿಯ ಕಪಾಟು ನೋಡಿದರೆ ಸಾಕು. ಹನ್ನೆರಡು ಬೋರು, .32 ಎಲ್ಲವೂ ತುಟ್ಟಿಯಾಗಿದ್ದರೆ ಮದ್ದಿನದ್ದು. ಅವೆಲ್ಲ ಇದ್ದು .22 ಮಾತ್ರ ಇಲ್ಲದಿದ್ದರೆ ಅಂಚಿನ ಮಸಾಲೆ ತುಂಬುವ ಲೈನಿನದ್ದೋ ಆಮದಿನದ್ದೋ.

ಆಮದು

ಸ್ಪರ್ಧೆಗೆ ಹೊಡೆಯುವ ಗುಂಡು ಮಾಡುವವರು ಬೆರಳೆಣಿಕೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲಿ, ಜರ್ಮನಿಯ ಶೋನೆಬೆಕ್‌ನಲ್ಲಿ ಮಾಡುವ ಲಾಪುವಾ ಮತ್ತು ಎಸ್‌ಕೆ, ಫ್ಯೂರ್ಟ್‌ನ ಆರ್‌ಡಬ್ಲ್ಯುಎಸ್. ಜಗತ್ತಿನ ಒಲಿಂಪಿಕ್ ಶೂಟರ್‌ಗಳೆಲ್ಲ ಹೆಚ್ಚಾಗಿ ಈ ಕೆಲವು ಲೈನುಗಳ ಮುಂದೆ ಸಾಲು ನಿಂತಿದ್ದಾರೆ. ನಮ್ಮಲ್ಲಿಗೆ ತರಬೇಕಾದರೆ ಆಮದಿನ ಪರವಾನಗಿ ಬೇಕು. ನಾಮಾಂಕಿತ ಶೂಟರ್‌ಗಳಿಗೆ ರಾಷ್ಟ್ರೀಯ ರೈಫಲ್ ಸಂಘದ ಶಿಫಾರಸಿನ ಮೇಲೆ ದಾರಿ ಇದೆ. ಹೊಸಬರು ಸಂಘ, ಕ್ಲಬ್ ತರಿಸಿದ್ದರಲ್ಲಿ ಪಾಲು ಪಡೆಯಬೇಕು. ಗುಂಡು ಅಪಾಯಕಾರಿ ಸರಕಾದ್ದರಿಂದ ಎಲ್ಲ ವಿಮಾನ, ಎಲ್ಲ ಹಡಗಿನವರು ಒಪ್ಪುವುದಿಲ್ಲ. ಕಾಗದ ಒಂದು ಕಡೆ ನಿಂತರೆ ಇಡೀ ಕಂತು ನಿಲ್ಲುತ್ತದೆ. ಹಾಗಾಗಿ ಮಾಲು ಬರುವುದು ಕಂತು ಕಂತಾಗಿ. ನಡುವೆ ತಿಂಗಳುಗಟ್ಟಲೆ ಖಾಲಿ.

ದೇಶದೊಳಗಿನ ತಯಾರಿಕೆ ಮುಖ್ಯವಾಗಿ ಸರ್ಕಾರಿ ಕಾರ್ಖಾನೆಗಳದ್ದು. 2021ರ ಅಕ್ಟೋಬರ್ 1ರಂದು ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಮದ್ದುಗುಂಡಿನ ಕಾರ್ಖಾನೆಗಳು ಪುಣೆಯ ಮ್ಯುನಿಷನ್ಸ್ ಇಂಡಿಯಾದ ಕೆಳಗೆ ಬಂದವು. ಅವರ ಮೊದಲ ಗಿರಾಕಿ ಸೇನೆ. ಅಭ್ಯಾಸಕ್ಕೆ, ಎನ್‌ಸಿಸಿಗೆ ದೇಸಿ .22 ಸಾಕು. ಸ್ಪರ್ಧೆಯಲ್ಲಿ ಮೇಲೆ ಬರಬೇಕಾದವರು ಹೊರದೇಶದ್ದನ್ನೇ ಕೇಳುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ (ಮೂರು ಭಂಗಿಯಲ್ಲಿ ಹೊಡೆಯುವ ಸ್ಪರ್ಧೆ) ಕಂಚು ಗೆದ್ದ ಮೇಲೆ, ಏರ್ ರೈಫಲ್ ಹಿಡಿದಿದ್ದ ಹುಡುಗರೆಲ್ಲ "ಸರ, ನಾವೂ ಪಾಯಿಂಟ್ ಟು ಟು ಹೊಡೀತೀವ್ರಿ" ಅನ್ನತೊಡಗಿದ್ದಾರೆ. ಸಂತೋಷವೇ. ಗುಂಡು ಮಾತ್ರ ಮೊದಲಿನಷ್ಟೇ.

ಇದ್ದರೂ ಸಾಲದ ಹಾಗೆ ಮಾಡುವವರು ನಾವೇ

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಳದ ನೀರು ವಾರಕ್ಕೊಮ್ಮೆ ಬರುವ ಓಣಿಯಲ್ಲಿ ನೀರು ಬಂದ ದಿನ ಬ್ಯಾರಲ್, ಕೊಡ, ಬಕೀಟು, ಕಡೆಗೆ ಪಾತೇಲಿಯೂ ತುಂಬುತ್ತವೆ. ಮುಂದಿನ ಸಲ ಬರುವ ಹೊತ್ತಿಗೆ ಅರ್ಧ ನೀರು ಹಾಗೇ ಇರುತ್ತದೆ, ಚೆಲ್ಲಿ ಹೊಸದು ತುಂಬುತ್ತಾರೆ. 24 ತಾಸು ನೀರು ಬರುವ ವಾರ್ಡಿನಲ್ಲಿ ಆ ಗಡಿಬಿಡಿ ಇಲ್ಲ. ಗುಂಡಿನಲ್ಲೂ ಹೀಗೇ. ಮೊದಲು ಎರಡು ಡಬ್ಬಿ ಒಯ್ಯುತ್ತಿದ್ದವರು ಕೊರತೆ ಅಂದ ಕೂಡಲೇ ಲೈಸೆನ್ಸ್ ಅನುಮತಿ ಕೊಟ್ಟಷ್ಟನ್ನೂ ಎತ್ತುತ್ತಾರೆ. ಕಾರ್ಖಾನೆ ಮೊದಲಿಗಿಂತ ಜಾಸ್ತಿ ಮಾಡಿದರೂ ಅಂಗಡಿ ಖಾಲಿ. 2013ರಲ್ಲಿ ಶುರುವಾದ ಅಮೆರಿಕದ ಕೊರತೆ ಅಷ್ಟು ವರ್ಷ ಎಳೆದದ್ದಕ್ಕೆ ಇದೇ ದೊಡ್ಡ ಕಾರಣ.

ಪರೀಕ್ಷೆ ಸುಲಭ. ಕ್ಲಬ್ಬಿನಲ್ಲಿ ಎಲ್ಲರೂ ಸೇರಿದಾಗ ಯಾರ ಹತ್ತಿರ ಎಷ್ಟಿದೆ, ತಿಂಗಳಿಗೆ ಎಷ್ಟು ಖರ್ಚು ಅಂತ ಒಂದು ಹಾಳೆಯ ಮೇಲೆ ಬರೆಯಿರಿ. ಒಬ್ಬರ ಕಪಾಟಿನಲ್ಲಿ ವರ್ಷದ ದಾಸ್ತಾನು, ಇನ್ನೊಬ್ಬರಿಗೆ ವಾರದ್ದೂ ಇಲ್ಲ ಅಂದರೆ ದೋಷ ಸಿಕ್ಕಿತು. ಹಾಗಂತ ಅವರಿಂದ ಇವರಿಗೆ ಡಬ್ಬಿ ದಾಟಿಸಬೇಡಿ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಗುಂಡು ಸಿಕ್ಕರೂ ಅಪರಾಧ, ಎಂಟ್ರಿ ಇಲ್ಲದೆ ಕೊಟ್ಟರೂ ಅಪರಾಧ. ಮುಂದಿನ ಕಂತಿನಲ್ಲಿ ಯಾರಿಗೆ ಮೊದಲು ಅಂತ ಮಾತ್ರ ತೀರ್ಮಾನ ಮಾಡಿಕೊಳ್ಳಿ.

ಲಾಟಿನ ಕೊರತೆ

ಇದು ಮೇಲಿನ ಮಟ್ಟದ ಶೂಟರ್‌ಗಳ ಕಾಟ. 50 ಮೀಟರ್ ಗುರಿಯಲ್ಲಿ ಪೂರ್ತಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್. ಗುಂಡೇ 5.6 ಮಿಲಿಮೀಟರ್. ಒಂದೇ ಕಂಪನಿಯ ಒಂದೇ ಹೆಸರಿನ ಗುಂಡು ಲಾಟಿನಿಂದ ಲಾಟಿಗೆ ಕೂದಲೆಳೆಯಷ್ಟು ಬೇರೆ ಇರುತ್ತದೆ. ಒಂದು ನಳಿಗೆಗೆ ಒಗ್ಗಿದ ಲಾಟು ಇನ್ನೊಂದಕ್ಕೆ ಒಗ್ಗದು. ಅದಕ್ಕೇ ದೊಡ್ಡ ಶೂಟರ್‌ಗಳು ಕಾರ್ಖಾನೆಯ ಟೆಸ್ಟ್ ರೇಂಜಿಗೇ ರೈಫಲ್ ಒಯ್ದು, ಅದನ್ನು ಬಿಗಿದು ನಿಲ್ಲಿಸಿ, ಲಾಟು ಆರಿಸಿ ಒಮ್ಮೆಲೇ ಕೊಳ್ಳುತ್ತಾರೆ. ಉಳಿದದ್ದು ನಮ್ಮ ಅಂಗಡಿಗೆ ಬಂದಾಗ ಡಬ್ಬಿಯ ಹೆಸರು ಅದೇ, ಲಾಟ್ ನಂಬರ್ ಬೇರೆ. ಶೂಟರ್ ಅದನ್ನೂ "ಇಲ್ಲ" ಅಂತಲೇ ಲೆಕ್ಕ ಹಿಡಿಯುತ್ತಾನೆ.

ಜಿಲ್ಲೆ, ರಾಜ್ಯ ಮಟ್ಟದಲ್ಲಿ ಹೊಡೆಯುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಂತ ಭಂಗಿಯಲ್ಲಿ ಎಂಟಕ್ಕೆ ಬೀಳುತ್ತಿದ್ದರೆ ಅದು ಲಾಟಿನ ದೋಷ ಅಲ್ಲ, ಖಂಡಿತ ಅಲ್ಲ.

ಸಿಗುವ ತನಕ

ಈಗ 50 ಮೀಟರ್ ತ್ರೀ ಪೊಸಿಷನ್ ಸ್ಪರ್ಧೆ 120ರಿಂದ 60 ಗುಂಡಿಗೆ ಇಳಿದಿದೆ. ಮೊದಲಿನ ಪರೀಕ್ಷಾ ಗುಂಡೂ ಸೇರಿ ಎರಡು ಡಬ್ಬಿ ಹಿಡಿಯಿರಿ. ಸ್ಪರ್ಧೆಗೆ ಬೇಕಾದಷ್ಟನ್ನು ಒಂದೇ ಲಾಟಿನಲ್ಲಿ ತೆಗೆದು ಬೇರೆ ಇಡಿ, ಅದನ್ನು ಅಭ್ಯಾಸಕ್ಕೆ ಮುಟ್ಟಬೇಡಿ. ಉಳಿದ ಅಭ್ಯಾಸವನ್ನು ಏರ್ ರೈಫಲ್ಲಿಗೆ ಹೊರಳಿಸಿ. 4.5 ಮಿಲಿಮೀಟರಿನ, 20 ಜೂಲ್ ಒಳಗಿನ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ, ಅದರ ಪೆಲೆಟ್ಟಿಗೆ (ಸೀಸದ ಸಣ್ಣ ಗುಂಡು) ಈ ಕಾಟವೂ ಇಲ್ಲ. ಟ್ರಿಗರ್, ಉಸಿರು, ನಿಲುವು ಎಲ್ಲ ಅದರಲ್ಲೇ ತಿದ್ದಿಕೊಳ್ಳಬಹುದು. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ತನಕ ಹೋದದ್ದು 10 ಮೀಟರ್ ಏರ್ ರೈಫಲ್ಲಿನಿಂದಲೇ.

ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ ಒಳ್ಳೆಯದು. ಆದರೆ .22ರಲ್ಲಿ ಒಂದು ಎಚ್ಚರ. ಪಿನ್ನು ಹೊಡೆಯುವುದು ಅಂಚಿಗೆ. ಅಲ್ಲಿ ಕೇಸ್ ಇಲ್ಲದಿದ್ದರೆ ಹಲವು ರೈಫಲ್ಲುಗಳಲ್ಲಿ ಪಿನ್ನು ನೇರವಾಗಿ ಚೇಂಬರಿನ ಬಾಯಿಗೆ ಬಡಿದು ತಗ್ಗು ಮಾಡುತ್ತದೆ. ರೈಫಲ್ಲಿನಲ್ಲಿ ಅದಕ್ಕೆಂದೇ ವ್ಯವಸ್ಥೆ ಇದ್ದರೆ ಬಳಸಿ, ಇಲ್ಲದಿದ್ದರೆ ಪ್ಲಾಸ್ಟಿಕ್ಕಿನ ಡಮ್ಮಿ ಹಾಕಿ.

ಕೊರತೆಯ ಹೊತ್ತಿಗೆ ಹಳೆಯ ಡಬ್ಬಿಗಳು ಅಟ್ಟದಿಂದ ಇಳಿಯುತ್ತವೆ. ಧಾರವಾಡದ ಮಳೆಗಾಲದ ಥಂಡಿ ತಿಂದ ಗುಂಡು ‘ಟಕ್’ ಅಂದು ಸುಮ್ಮನಾಗಬಹುದು. ಆಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆಗೆಯಿರಿ. ಶಬ್ದ ಮೆಲ್ಲಗೆ ಬಂದು ಗುರಿಯಲ್ಲಿ ತೂತು ಕಾಣದಿದ್ದರೆ ಮುಂದಿನ ಗುಂಡು ಹಾಕಲೇಬೇಡಿ, ನಳಿಗೆಯಲ್ಲಿ ಸೀಸ ಸಿಕ್ಕಿರಬಹುದು. .22 ಮ್ಯಾಗ್ನಂ ಅನ್ನುವುದು ಬೇರೆ ಗುಂಡು. ಹೆಸರಿನಲ್ಲಿ .22 ಇದೆ ಅಂತ ಲಾಂಗ್ ರೈಫಲ್ ಗುಂಡನ್ನು ಮ್ಯಾಗ್ನಂ ಬಂದೂಕಿಗೆ ಹಾಕಿದರೆ ಸಡಿಲು ಕೂತ ಕೇಸ್ ಸೀಳಬಹುದು.

ದೋಷ ಸರಿಹೋದ ಗುರುತು

ಒಂದು ಕಂತು ಬಂತು ಅಂದ ಮಾತ್ರಕ್ಕೆ ಕೊರತೆ ಮುಗಿದಿಲ್ಲ. ಅಂಗಡಿಯವರು ತಲೆಗೆ ಎರಡೇ ಡಬ್ಬಿ ಅನ್ನುವುದು ಬಿಡಬೇಕು. 500ರ ಪೂರ್ತಿ ಕಟ್ಟು ಕೇಳಿದಾಗ ಹತ್ತೂ ಡಬ್ಬಿಯ ಮೇಲೆ ಒಂದೇ ಲಾಟ್ ನಂಬರ್ ಇರಬೇಕು. ಬೇರೆ ಬೇರೆ ನಂಬರ್ ಕೂಡಿದ್ದರೆ ಇನ್ನೂ ಅಲ್ಲಿ ಇಲ್ಲಿ ಬಳಿದು ತಂದ ಮಾಲು ಅಂತ ತಿಳಿಯಿರಿ. ಎಲ್ಲಕ್ಕಿಂತ ಅಗ್ಗದ ಸಾದಾ ಗುಂಡು ಕಪಾಟಿನಲ್ಲಿ ಕೂತೇ ಇದೆಯೇ ನೋಡಿ. ಅದು ಎರಡು ಕಂತಿನ ನಡುವೆಯೂ ಖಾಲಿಯಾಗದೆ ಉಳಿದರೆ, ಮುಂಗಡ ಕೊಡುವುದನ್ನು ನಿಲ್ಲಿಸಿ, ಬೇಕಾದಾಗ ಬೇಕಾದಷ್ಟೇ ಕೊಳ್ಳಿ.